ಯೋಸೆಫ್ ರೋಟ್ ಮೇಲೆ ಪಿಎಚ್‌ಡಿ: ವಿಯೆನ್ನಾವೋ ದೆಹಲಿಯೋ? ಅನುಭವ ಇದ್ದವರು ಹೇಳಿ

ಧಾರವಾಡ_ಓದುಗಿ:
ಜರ್ಮನ್ ಎಂಎ ಮುಗೀತು, ಭಾಷೆಯ ಸಿ1 ಮಟ್ಟದ ಪರೀಕ್ಷೆನೂ ಆತು. ವಯಸ್ಸು 26. ಆಸ್ಟ್ರಿಯಾದ ಲೇಖಕ ಯೋಸೆಫ್ ರೋಟ್ ಕಾದಂಬರಿಗಳೊಳಗ ಬರೋ ಗಲೀಷಿಯಾದ (ಹಳೇ ಆಸ್ಟ್ರಿಯಾ ಸಾಮ್ರಾಜ್ಯದ ಪೂರ್ವದ ಪ್ರಾಂತ) ಗಡಿ ಊರುಗಳ ಮೇಲೆ ಕೆಲಸ ಮಾಡಬೇಕಂತ ಆಸೆ. ಜೆಆರ್‌ಎಫ್ (ಸರಕಾರದ ಸಂಶೋಧನಾ ಫೆಲೋಶಿಪ್) ಸಿಕ್ಕೇತಿ, ದೆಹಲಿಯಾಗ ಸೀಟು ಸಿಗೋ ಲಕ್ಷಣ ಐತಿ. ಅತ್ತ ವಿಯೆನ್ನಾದ ಪ್ರಾಧ್ಯಾಪಕರೊಬ್ಬರು ಪ್ರಸ್ತಾವನೆ ಕಳಿಸು ಅಂದಾರ, ಹಣದ ಮಾತಿಲ್ಲ. ಅಪ್ಪಾಜಿ ಮುಂದಿನ ವರ್ಷ ರಿಟೈರ್ ಆಗ್ತಾರ. ಈ ದಾರಿ ತುಳಿದವರು ಇದ್ರ ಹೇಳ್ರಿ.

ಒಟ್ಟಾಕ್ರಿಂಗ್_ನಿವಾಸಿ:
ವಿಯೆನ್ನಾದ ನನ್ನ ಲೆಕ್ಕ ಪೂರ್ತಿ ಬರೀತೀನಿ, ನನಗಂತೂ ಯಾರೂ ಹೇಳಿರಲಿಲ್ಲ. ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್ ಶುಲ್ಕ 726.72 ಯೂರೋ, ಅದರ ಮೇಲೆ ವಿದ್ಯಾರ್ಥಿ ಸಂಘದ ವಂತಿಗೆ. ಆರೋಗ್ಯ ವಿಮೆ ತಿಂಗಳಿಗೆ 70 ಯೂರೋ ಆಸುಪಾಸು. ರೂಮು 430. ಅಡ್ವಾನ್ಸ್ ಮೂರು ತಿಂಗಳದ್ದು. ಬಿಡುವಾಗ ಗೋಡೆಯಲ್ಲಿ ಮೊಳೆ ಹೊಡೆದ ತೂತು ತೋರಿಸಿ ಮಾಲೀಕ ಅರ್ಧ ಹಿಡಿದುಕೊಂಡ. ವಾಸದ ಪರವಾನಗಿಗೆ ಒಂದು ವರ್ಷದ ಖರ್ಚಿನ ಹಣ ಖಾತೆಯಲ್ಲಿ ತೋರಿಸಬೇಕು. 24 ತುಂಬಿದವರು ತೋರಿಸಬೇಕಾದ ಮೊತ್ತ ಚಿಕ್ಕವರದ್ದಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು. ಅಣ್ಣನ ಎಫ್‌ಡಿ ಮುರಿಸಿದ್ವಿ, ಅತ್ತಿಗೆ ಇವತ್ತಿಗೂ ಮುಖ ಕೊಟ್ಟು ಮಾತಾಡಲ್ಲ. ವಾರಕ್ಕೆ 20 ಗಂಟೆ ದುಡಿಯಬಹುದು, ಆದರೆ ಕೆಲಸ ಕೊಡುವವರೇ ಮೊದಲು ಅನುಮತಿ ತರಿಸಬೇಕು. ಆ ರಗಳೆ ಯಾರಿಗೆ ಬೇಕು ಅಂತ ಎಷ್ಟೋ ಕಡೆ ಬಾಗಿಲಲ್ಲೇ ಸಾಗಹಾಕಿದರು.

ಆದರೂ ಬನ್ನಿ ಅಂತಲೇ ಹೇಳ್ತೀನಿ. ನನ್ನ ವಿಷಯ ನೂರು ವರ್ಷದ ಹಿಂದಿನ ವಿಯೆನ್ನಾದ ನಾಟಕಕಾರ ಆರ್ಥರ್ ಶ್ನಿಟ್ಸ್ಲರ್. ಆ ಕಾಲದವರ ಕೈಬರಹವೆಲ್ಲ ಹಳೆಯ ಕುರೆಂಟ್ ಲಿಪಿ. ಪುಸ್ತಕ ಇಟ್ಟುಕೊಂಡು ಮನೆಯಲ್ಲಿ ಒದ್ದಾಡಿದಾಗ ಬರದಿದ್ದದ್ದು, ಇಲ್ಲಿ ಗೊತ್ತಿರುವವರ ಪಕ್ಕ ಕೂತಾಗ ಬಂತು. ಸಂಜೆ ಬುರ್ಗ್‌ಥಿಯೇಟರ್‌ನಲ್ಲಿ ನಿಂತು ನಾಟಕ ನೋಡೋಕೆ ಕೆಲವೇ ಯೂರೋ ಸಾಕು. 1895ರಲ್ಲಿ ಶ್ನಿಟ್ಸ್ಲರನ 'ಲೀಬೆಲೈ' ಮೊದಲು ರಂಗಕ್ಕೆ ಬಂದದ್ದು ಅಲ್ಲೇ.

ಮಂಡ್ಯ_ಮೇಷ್ಟ್ರು:
ಶ್ನಿಟ್ಸ್ಲರ್ ಹಸ್ತಪ್ರತಿಗಳ ದೊಡ್ಡ ಪಾಲು ಇರೋದು ಕೇಂಬ್ರಿಜ್‌ನಲ್ಲಿ ಕಣ್ರೀ. 1938ರಲ್ಲಿ ನಾಜಿಗಳ ಕೈಗೆ ಸಿಗದಂತೆ ಬ್ರಿಟಿಷರ ಮೊಹರು ಹಾಕಿಸಿ ಉಳಿಸಿದ್ದು, ಆಮೇಲೆ ಅಲ್ಲಿಗೆ ಹೋಯ್ತು. ದಿನಚರಿ ಆನ್‌ಲೈನಿನಲ್ಲೇ ಇದೆ. ಇದಕ್ಕೆ ಅಣ್ಣನ ಎಫ್‌ಡಿ ಮುರಿಸಬೇಕಿತ್ತಾ?

ನಾನು ದೆಹಲಿಯಲ್ಲೇ ಮಾಡಿದೆ, ಆಸ್ಟ್ರಿಯಾದ ಲೇಖಕ ಥಾಮಸ್ ಬರ್ನ್‌ಹಾರ್ಡ್ ಮೇಲೆ. ಈಗ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ ಇದೆ. ನಮ್ಮ ಕಾಲದಲ್ಲಿ ಅದಕ್ಕಿಂತ ಬಹಳ ಕಡಿಮೆ, ಅದೂ ತಿಂಗಳುಗಟ್ಟಲೆ ಬರ್ತಿರಲಿಲ್ಲ. ಮೆಸ್ ಬಾಕಿ ಏರಿ, ಗೆಳೆಯನ ಕಾರ್ಡಿನಲ್ಲಿ ಊಟ ಮಾಡಿದ ಕಾಲವೂ ಇತ್ತು. ಒಂದು ಅಧ್ಯಾಯಕ್ಕೆ ಬೇಕಾದ ಪುಸ್ತಕ ದೇಶದ ಯಾವ ಗ್ರಂಥಾಲಯದಲ್ಲೂ ಇರಲಿಲ್ಲ, ಹಳೇ ಪುಸ್ತಕದ ಅಂಗಡಿಯಿಂದ ತರಿಸಿದಾಗ ಪುಸ್ತಕಕ್ಕಿಂತ ಅಂಚೆಗೇ ಹೆಚ್ಚು ಕೊಟ್ಟೆ. ಆದರೆ ಅಪ್ಪನ ಹತ್ತಿರ ಒಂದು ರೂಪಾಯಿ ಕೇಳಲಿಲ್ಲ. ಆಸ್ಟ್ರಿಯಾ ಸರ್ಕಾರದ ಎರ್ನ್ಸ್ಟ್ ಮಾಖ್ ವಿದ್ಯಾರ್ಥಿವೇತನದಲ್ಲಿ ಕೆಲವು ತಿಂಗಳು ವಿಯೆನ್ನಾಕ್ಕೆ ಹೋಗಿ, ಬೇಕಾದ್ದು ನೋಡಿ, ವಾಪಸ್ ಬಂದು ಬರೆದೆ. ಈಗ ಖಾಯಂ ಕೆಲಸ. ಹಳೇ ಪತ್ರಿಕೆಗಳು ಬೇಕಾ? ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯದ 'ಅನ್ನೋ' ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತೆ. ವಿಯೆನ್ನಾದ ವಿಡಂಬನಕಾರ ಕಾರ್ಲ್ ಕ್ರೌಸ್ 1899ರಿಂದ 1936ರವರೆಗೆ ನಡೆಸಿದ 'ಫಾಕೆಲ್' ಪತ್ರಿಕೆಯನ್ನು ಅಲ್ಲಿನ ವಿಜ್ಞಾನ ಅಕಾಡೆಮಿ ಪೂರ್ತಿ ಅಂತರ್ಜಾಲಕ್ಕೆ ಹಾಕಿದೆ. ಮಂಡ್ಯದಲ್ಲಿ ಕೂತೇ ಓದ್ತೀನಿ.

ಒಟ್ಟಾಕ್ರಿಂಗ್_ನಿವಾಸಿ:
ಮೇಷ್ಟ್ರೇ, ನನ್ನ ಮನೆ ಎಫ್‌ಡಿ ಬಗ್ಗೆ ಮಾತು ಬೇಡ. 1988ರಲ್ಲಿ ನಿಮ್ಮ ಬರ್ನ್‌ಹಾರ್ಡನ 'ಹೆಲ್ಡನ್‌ಪ್ಲಾಟ್ಸ್' ನಾಟಕದ ವಿರುದ್ಧ ಊರಿಗೆ ಊರೇ ಯಾಕೆ ಎದ್ದು ನಿಂತಿತು ಅನ್ನೋದು ಅದೇ ಹೆಸರಿನ ಚೌಕದಲ್ಲಿ ನಿಂತವರಿಗೆ ತಿಳಿಯುತ್ತೆ. 1938ರಲ್ಲಿ ಹಿಟ್ಲರ್ ಭಾಷಣಕ್ಕೆ ಜನ ಕಿಕ್ಕಿರಿದ ಜಾಗ ಅದು. ಬುರ್ಗ್‌ಥಿಯೇಟರ್‌ನಿಂದ ನಡೆದು ಹೋಗುವಷ್ಟೇ ದೂರ. ಕೆಲವು ತಿಂಗಳು ಬಂದು ಹೋದವರು ನನಗೆ ಪಾಠ ಹೇಳೋದು ಬೇಡ.

ಇಲಿನಾಯ್_ಅಕ್ಕ:
ನೀವಿಬ್ಬರೂ ಮೂರನೇ ದಾರಿ ಇದೆ ಅನ್ನೋದನ್ನೇ ಮರೆತಿದ್ದೀರಿ. ಅಮೆರಿಕದಲ್ಲಿ ನನಗೆ ಐದು ವರ್ಷ ಪೂರ್ತಿ ಶುಲ್ಕ ಮನ್ನಾ, ಸ್ಟೈಪೆಂಡ್ ಸಹ. ಬದಲಿಗೆ ಮೊದಲ ವರ್ಷದ ಮಕ್ಕಳಿಗೆ ಜರ್ಮನ್ ಕಲಿಸಬೇಕು. ಒಂದು ಸೆಕ್ಷನ್‌ಗೆ ವಾರದಲ್ಲಿ ನಾಲ್ಕು ದಿನ ಪಾಠ, ರಾತ್ರಿಯೆಲ್ಲ ಪೇಪರ್ ತಿದ್ದುವುದು. ಆಸ್ಟ್ರಿಯಾದ ಕವಿ ಬಾಖ್‌ಮನ್ ಓದಲು ಹೋದವಳು ವಿಭಕ್ತಿ ತಿದ್ದುತ್ತಾ ಕೂತೆ. ಹಲ್ಲಿನ ಚಿಕಿತ್ಸೆಗೆ ವಿಮೆ ಬರಲ್ಲ ಅಂತ ಗೊತ್ತಾದದ್ದು ರೂಟ್ ಕೆನಾಲ್ ಬಿಲ್ ಬಂದಾಗ. ಆ ಬೇಸಿಗೆಯ ಊರಿನ ಟಿಕೆಟ್ ರದ್ದು. ನಾನು ಇರುವಾಗಲೇ ನಮ್ಮ ವಿಭಾಗವನ್ನು ಇನ್ನೊಂದರ ಜೊತೆ ಸೇರಿಸಿದರು. ಆದರೂ 1938ರ ನಂತರ ನಾಜಿಗಳಿಂದ ಓಡಿಬಂದವರೂ ಅವರ ಶಿಷ್ಯರೂ ಆಸ್ಟ್ರಿಯನ್ ಸಾಹಿತ್ಯದ ಅಧ್ಯಯನವನ್ನು ಇಲ್ಲಿ ಬೆಳೆಸಿದರು. 1961ರಲ್ಲಿ ಶ್ನಿಟ್ಸ್ಲರ್ ಹೆಸರಲ್ಲಿ ಶುರುವಾದ ಸಂಘವೇ ಇವತ್ತಿನ ಆಸ್ಟ್ರಿಯನ್ ಅಧ್ಯಯನ ಸಂಘ. ಹೋಗಲಿ, ಕಾಫ್ಕಾನನ್ನು ಜರ್ಮನ್ ಲೇಖಕರಿಂದ ಪ್ರತ್ಯೇಕವಾದ ಆಸ್ಟ್ರಿಯನ್ ಲೇಖಕರ ಪಟ್ಟಿಗೆ ಹಾಕಬಹುದು ಅಂತ ಧೈರ್ಯವಾಗಿ ವಾದಿಸಿದವರನ್ನೂ ನಾನು ನೋಡಿದ್ದು ಇಲ್ಲೇ.

ಮಂಡ್ಯ_ಮೇಷ್ಟ್ರು:
ಕಾಫ್ಕಾ ಪ್ರಾಗ್‌ನವನು. 1918ರ ನಂತರ ಚೆಕೊಸ್ಲೊವಾಕಿಯಾ ಪ್ರಜೆ.

ಇಲಿನಾಯ್_ಅಕ್ಕ:
ಹಾಗಾದರೆ ಬ್ರೋಡಿಯಲ್ಲಿ ಹುಟ್ಟಿದ ರೋಟ್? ಚೆರ್ನೊವಿಟ್ಸ್‌ನ ಕವಿ ಸೆಲಾನ್? ಇಬ್ಬರ ಊರೂ ಈಗ ಉಕ್ರೇನಿನಲ್ಲಿದೆ. ನಕ್ಷೆ ನೋಡಿ ಸಾಹಿತ್ಯ ಹಂಚುವುದಾದರೆ ಈ ಹುಡುಗಿಗೆ ವಿಷಯವೇ ಉಳಿಯಲ್ಲ.

ಒಟ್ಟಾಕ್ರಿಂಗ್_ನಿವಾಸಿ:
ಅಕ್ಕ ಹೇಳಿದ್ದು ಸರಿ. ಆದರೆ ಆಸ್ಟ್ರಿಯಾ ಸಾಮ್ರಾಜ್ಯ ಇದ್ದಾಗ ಎಲ್ಲ ಚೆನ್ನಾಗಿತ್ತು ಅನ್ನೋ ಹಂಬಲವನ್ನೇ ಸಂಶೋಧನೆ ಅನ್ನಬಾರದು. ಇಟಲಿಯ ವಿದ್ವಾಂಸ ಮಾಗ್ರಿಸ್ 1963ರಲ್ಲೇ ಅದನ್ನು ಮಿಥ್ ಅಂತ ತೋರಿಸಿಕೊಟ್ಟಾಗಿದೆ.

ಮಂಡ್ಯ_ಮೇಷ್ಟ್ರು:
ಆ ಮಿಥ್ ನಂಬಿಕೊಂಡೇ ತಾನೇ ನೀವು ಅಲ್ಲಿ ಬಾಡಿಗೆ ಕಟ್ಟುತ್ತಿರೋದು?

ಕುಡ್ಲ_ಟೀಚರ್:
ಜಗಳ ಬಿಡಿ ಮಾರಾಯ್ರೇ. ನಾನು ಆಸ್ಟ್ರಿಯಾದ ಇನ್ಸ್‌ಬ್ರುಕ್‌ಗೆ ಹೋಗಿದ್ದೆ, ಕವಿ ಟ್ರಾಕ್ಲ್ ಮೇಲೆ ಪಿಎಚ್‌ಡಿಗೆ. ಬ್ರೆನ್ನರ್ ಆರ್ಕೈವ್ ಇರುವುದು ಅಲ್ಲೇ, ಅವನ ಕವಿತೆ ಛಾಪಿಸಿದ 'ಬ್ರೆನ್ನರ್' ಪತ್ರಿಕೆಯೂ ಅದೇ ಊರಿನದು. ಸಣ್ಣ ಊರು ಅಂತ ಬಾಡಿಗೆ ಕಡಿಮೆ ಅಂದುಕೊಳ್ಳಬೇಡಿ, ಸ್ಕೀಯಿಂಗ್‌ಗೆ ಬರುವವರಿಂದಾಗಿ ರೂಮೇ ಸಿಗುವುದಿಲ್ಲ. ಮಾರ್ಗದರ್ಶಕರು ನಡುವೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋದರು, ಹೊಸಬರು ವಿಷಯ ಬದಲಿಸಿ ಎಂದರು, ಅಮ್ಮನಿಗೆ ಸ್ಟ್ರೋಕ್ ಆಯಿತು. ನಾನು ಬಂದುಬಿಟ್ಟೆ. ಈಗ ಜರ್ಮನಿಗೆ ಹೋಗುವ ನರ್ಸ್‌ಗಳಿಗೆ ಬಿ1 ಮಟ್ಟದ ಜರ್ಮನ್ ಕಲಿಸುತ್ತೇನೆ. ಬೆಳಗ್ಗೆ ಒಂದು ಬ್ಯಾಚ್, ಸಂಜೆ ಎರಡು. ಪಿಎಚ್‌ಡಿ ಮುಗಿಸಿದ ನನ್ನ ಗೆಳತಿಯರಲ್ಲಿ ಹೆಚ್ಚಿನವರು ಮಾಡುವುದೂ ಇದನ್ನೇ. ಯಾರೂ ಇದನ್ನು ಮೊದಲೇ ಹೇಳುವುದಿಲ್ಲ, ಅದು ನನಗೆ ಇವತ್ತಿಗೂ ಸಿಟ್ಟು.

ಮಂಡ್ಯ_ಮೇಷ್ಟ್ರು:
ಎಲ್ಲರೂ ಅಲ್ಲ ಮೇಡಂ. ನನಗೆ ಕೆಲಸ ಸಿಕ್ಕಿದೆ.

ಕುಡ್ಲ_ಟೀಚರ್:
ನಿಮ್ಮ ಹುದ್ದೆ ಖಾಲಿ ಬಿದ್ದಾಗ ಎಷ್ಟು ಜನ ಅರ್ಜಿ ಹಾಕಿದ್ದರು ಅಂತಲೂ ಬರೆಯಿರಿ ಸರ್.

ಧಾರವಾಡ_ಓದುಗಿ:
ಎಲ್ಲಾರಿಗೂ ಧನ್ಯವಾದ. ರೋಟ್ ಬಗ್ಗೆ ವಿಯೆನ್ನಾದಾಗ ಏನು ಸಿಗ್ತೈತಿ ಅಂತ ಯಾರರೆ ಹೇಳ್ತೀರೇನ್ರಿ?

ಇಲಿನಾಯ್_ಅಕ್ಕ:
ತಂಗಿ, ರೋಟ್ ಕಾಗದಪತ್ರಗಳ ಮುಖ್ಯ ಸಂಗ್ರಹವೊಂದು ನ್ಯೂಯಾರ್ಕಿನ ಲಿಯೋ ಬೆಕ್ ಸಂಸ್ಥೆಯಲ್ಲಿದೆ, ಡಿಜಿಟಲ್ ಆಗಿದೆ. ಅದನ್ನು ಮೊದಲು ನೋಡು. ಅವನು 1919ರ ಸುಮಾರಿಗೆ ವಿಯೆನ್ನಾದ 'ನೋಯೆ ಟಾಗ್' ಪತ್ರಿಕೆಗೆ ಬರೆದದ್ದನ್ನೂ ಓದು, ಕಾದಂಬರಿಗಳಲ್ಲಿ ಕಾಣದ ರೋಟ್ ಅಲ್ಲಿದ್ದಾನೆ. ಅಮೆರಿಕದ ಅರ್ಜಿಗಳ ಗಡುವು ಡಿಸೆಂಬರ್ ಆಸುಪಾಸು. ಇಲ್ಲಿಗೂ ಹಾಕು.

ಒಟ್ಟಾಕ್ರಿಂಗ್_ನಿವಾಸಿ:
ನೋಡಿ, ಮತ್ತೆ ಅಮೆರಿಕಕ್ಕೇ ಎಳೀತಿದ್ದಾರೆ. ಪ್ರಾಧ್ಯಾಪಕರು ಪ್ರಸ್ತಾವನೆ ಕೇಳಿದ್ದಾರೆ ಅಂದ್ರೆ ಅದು ಸಣ್ಣ ಮಾತಲ್ಲ ರೀ. ಅವರ ವಿಭಾಗದಲ್ಲಿ ಸಂಬಳದ ಸಹಾಯಕ ಹುದ್ದೆ ಯಾವಾಗ ಕರೀತಾರೆ ಅಂತ ಇವತ್ತೇ ಅವರಿಗೆ ಬರೆದು ಕೇಳಿ.