ಸ್ವಾಹಿಲಿ ಅವಳಿಷ್ಟ, ಜೊತೆಯ ವಿಷಯ ನಮ್ಮ ಹಠ

ಜರ್ಮನಿಯ ನ್ಯೂರೆಂಬರ್ಗ್‌ನ ಅಕ್ಕ ಕೇಳಿದ ಪ್ರಶ್ನೆಗೆ ಇಲ್ಲಿ ಆಗಲೇ ಸಾಕಷ್ಟು ಉತ್ತರ ಬಂದಿವೆ. ಮಗಳು ಪೂರ್ವ ಆಫ್ರಿಕಾದ ಸ್ವಾಹಿಲಿ ಭಾಷೆ, ಸಾಹಿತ್ಯ ಓದುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಏನು ಮಾಡಲಿ ಅಂತ ಅವರು ಕೇಳಿದ್ದು. ಹೆಚ್ಚಿನವರ ಸಲಹೆ ಒಂದೇ: ಓದಲಿ ಬಿಡಿ, ಆದರೆ ಜೊತೆಗೆ ‘ಅನ್ನ ಕೊಡುವ’ ವಿಷಯ ಒಂದು ಇರಲಿ. ಆರು ವರ್ಷದ ಹಿಂದೆ ನಮ್ಮ ಮಗಳ ವಿಷಯದಲ್ಲಿ ನಾವೂ ಅದನ್ನೇ ಮಾಡಿ ಕೈ ಸುಟ್ಟುಕೊಂಡೆವು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಮ್ಮನೆಯಲ್ಲಿ ಆದ ಒಪ್ಪಂದ ಇಷ್ಟೇ. ಸ್ವಾಹಿಲಿ ಅವಳ ಇಷ್ಟ, ನೆಬೆನ್‌ಫಾಖ್, ಅಂದರೆ ಮುಖ್ಯ ವಿಷಯದ ಜೊತೆ ಓದುವ ಎರಡನೇ ವಿಷಯ, ನಮ್ಮ ಇಷ್ಟ. ಮೂರು ವರ್ಷದ ಬಿಎಗೆ 180 ಕ್ರೆಡಿಟ್. ಅವಳ ವಿಶ್ವವಿದ್ಯಾಲಯದಲ್ಲಿ ಅದರಲ್ಲಿ 60 ಈ ಜೊತೆ ವಿಷಯದ್ದು. ನಾವು ಬಿಸಿನೆಸ್ ಎಕನಾಮಿಕ್ಸ್ ಅಂದೆವು. ಹದಿನೆಂಟರ ಹುಡುಗಿ, ಹೂಂ ಅಂದಳು. ಹೂಂ ಅನ್ನದಿದ್ದರೆ ಸ್ವಾಹಿಲಿಯೂ ಸಿಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ಒಮ್ಮೆ ಫೇಲು. ಎರಡನೇ ಸಲವೂ ಫೇಲು. ಅಲ್ಲಿ ಇದ್ದದ್ದು ಮೂರೇ ಅವಕಾಶ. ಮೂರನೆಯದೂ ಹೋದರೆ ಆ ಕೋರ್ಸಿನ ಬಾಗಿಲು ಜರ್ಮನಿಯ ಬೇರೆ ಕಡೆಯೂ ಮುಚ್ಚಿದ ಹಾಗೆಯೇ. ನಮಗೆ ಇದೆಲ್ಲ ಗೊತ್ತಾಗಿದ್ದು ಎರಡನೇ ಫೇಲಾದ ನಾಲ್ಕು ತಿಂಗಳ ಮೇಲೆ, ಅದೂ ಅವಳ ತಮ್ಮನ ಬಾಯಿಂದ. ಸ್ವಾಹಿಲಿಯಲ್ಲಿ ಮಾತ್ರ ಒಳ್ಳೆ ಗ್ರೇಡ್ ಬರುತ್ತಿತ್ತು.

ಸ್ವಾಹಿಲಿ ಸುಲಭ, ಹಾಗಾಗಿ ಅಂಕ ಬಂದೇ ಬರುತ್ತವೆ ಅಂತ ಮ್ಯೂನಿಕ್‌ನ ಅಣ್ಣ ಬರೆದಿದ್ದಾರೆ. ಅರ್ಧ ನಿಜ. ಬರೆದ ಹಾಗೇ ಓದಬಹುದು. ಮೊದಲ ತಿಂಗಳು ಅವಳು ಪದಗಳನ್ನು ಹೇಳುವಾಗ ನಮ್ಮವರಿಗಂತೂ ನಗುವೋ ನಗು. ಸೋಪಿಗೆ ಸಬೂನಿ, ಲೆಕ್ಕಕ್ಕೆ ಹೆಸಾಬು, ಲಾಯರಿಗೆ ವಕೀಲಿ, ಸುದ್ದಿಗೆ ಹಬಾರಿ. ಧಾರವಾಡದಲ್ಲಿ ‘ಏನ್ ಖಬರು’ ಅಂತ ಬೆಳೆದವರಿಗೆ ಇದೇನು ಹೊಸತಲ್ಲ, ಅಲ್ವಾ? ಇವು ಅರಬ್ಬಿಯಿಂದ ಅಲ್ಲಿಗೂ ಹೋದವು, ಇಲ್ಲಿಗೂ ಬಂದವು. ಗಾಡಿಗೆ ಗಾರಿ, ಅಂಗಡಿಗೆ ದುಕಾ, ಲಕ್ಷಕ್ಕೆ ಲಾಕಿ, ಚಪಾತಿಗೆ ಚಪಾತಿಯೇ. ಇವು ಸಮುದ್ರ ದಾಟಿ ಹೋದ ಇಂಡಿಯಾದ ಮಾತುಗಳು.

ಆಮೇಲೆ ವ್ಯಾಕರಣ ಶುರುವಾಗುತ್ತದೆ. ನಾಮಪದಗಳಿಗೆಲ್ಲ ಗುಂಪುಗಳಿವೆ, ಗುಂಪಿಗೊಂದು ಪದದ ಮೊದಲಿಗೆ ಅಂಟುವ ಅಕ್ಷರ. ಅರಬ್ಬಿಯ ‘ಕಿತಾಬ್’ ಅಲ್ಲಿ ಹೋಗಿ ‘ಕಿತಾಬು’ ಆಯಿತು. ಅದರ ‘ಕಿ’ಯನ್ನು ಅವರು ತಮ್ಮದೇ ‘ಕಿ’ ಗುಂಪಿನ ಗುರುತು ಅಂದುಕೊಂಡು, ಬಹುವಚನ ‘ವಿತಾಬು’ ಮಾಡಿಬಿಟ್ಟರು! ಬಸ್ಸಿಗೆ ‘ಉ’ ಅಂಟಿಸಿ ಕನ್ನಡದ್ದೇ ಮಾಡಿಕೊಂಡವರು ನಾವು, ನಗುವ ಹಾಗಿಲ್ಲ. ಕಷ್ಟ ಏನೆಂದರೆ, ಪುಸ್ತಕ ‘ಕಿ’ ಆದರೆ ಅದರ ಗುಣವಾಚಕವೂ ‘ಕಿ’, ಕ್ರಿಯಾಪದವೂ ‘ಕಿ’. ಒಂದು ತಪ್ಪಿದರೆ ಇಡೀ ವಾಕ್ಯ ತಪ್ಪು. ನಮ್ಮಲ್ಲಿ ‘ಬರುತ್ತೇನೆ’ ಅಂದಾಗ ‘ನಾನು’ ಬಾಲದಲ್ಲಿ ಇರುತ್ತದೆ. ಅವರ ‘ನಿತಕುಜಾ’ದಲ್ಲಿ ‘ನಾನು’ ತಲೆಯಲ್ಲೇ ಕೂತಿದೆ.

ಸಾಹಿತ್ಯದ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. 2021ರಲ್ಲಿ ಜಾಂಜಿಬಾರ್‌ನ ಅಬ್ದುಲ್‌ರಜಾಕ್ ಗುರ್ನಾ ಅವರಿಗೆ ನೊಬೆಲ್ ಬಂದಾಗ ಖುಷಿಯಿಂದ ಫೋನ್ ಮಾಡಿದೆ. ‘ಅಮ್ಮಾ, ಅವರು ಬರೆಯೋದು ಇಂಗ್ಲಿಷಲ್ಲಿ’ ಅಂದಳು. ಅವಳು ಆಗ ಓದುತ್ತಿದ್ದದ್ದು ಮ್ವಾನಾ ಕುಪೋನಾಳ ಕಾವ್ಯ. 1858ರ ಸುಮಾರಿಗೆ, ಇಂದಿನ ಕೆನ್ಯಾ ಕರಾವಳಿಯ ಲಾಮು ದ್ವೀಪಗಳ ಕಡೆಯ ಒಬ್ಬ ತಾಯಿ ಕಾಯಿಲೆ ಬಿದ್ದಾಗ ಮಗಳಿಗೆ ಹೇಳಿದ ಬುದ್ಧಿಮಾತು. ಆಗ ಸ್ವಾಹಿಲಿ ಬರೆಯುತ್ತಿದ್ದದ್ದು ಅರಬ್ಬಿ ಲಿಪಿಯಲ್ಲಿ. ಗಂಡನನ್ನು ಹೇಗೆ ನೋಡಿಕೊಳ್ಳಬೇಕು ಅನ್ನುವ ಭಾಗ ಬಂದಾಗ ಮಗಳಿಗೆ ಸಿಟ್ಟು ಬಂತಂತೆ. ಆದರೆ ಪದ್ಯದ ಕಟ್ಟು ಅವಳನ್ನು ಬಿಡಲಿಲ್ಲ. ನಾಲ್ಕು ಸಾಲು, ಸಾಲಿಗೆ ಎಂಟು ಅಕ್ಷರ, ಮೊದಲ ಮೂರಕ್ಕೆ ಒಂದು ಪ್ರಾಸ, ನಾಲ್ಕನೆಯದಕ್ಕೆ ಇಡೀ ಕಾವ್ಯದ ಉದ್ದಕ್ಕೂ ಒಂದೇ ಪ್ರಾಸ. ಅವತ್ತು ರಾತ್ರಿ ಅವಳೇ ಧಾರವಾಡದ ಅಜ್ಜಿಗೆ ಫೋನ್ ಮಾಡಿ, ಷಟ್ಪದಿಯಲ್ಲಿ ಪ್ರಾಸ ಎಲ್ಲಿ ಬರುತ್ತದೆ ಅಂತ ಕೇಳಿದ್ದಾಳೆ. ಅಜ್ಜಿ ಮುಕ್ಕಾಲು ಗಂಟೆ ಪಾಠ ಮಾಡಿದ್ದಾರೆ. ನಾನು ಎಂದೂ ಹೇಳಿಕೊಡದ ವಿಷಯ ಅದು.

ಇನ್ನೊಂದು ಮಾತು, ಧಾರವಾಡದವಳು ಅಂತ ಹೇಳಲೇಬೇಕು. ನಮ್ಮ ಕಿಟೆಲ್ ಬಾಸೆಲ್ ಮಿಶನ್ನಿನಲ್ಲಿ ತಯಾರಾಗಿ 1853ರಲ್ಲಿ ನಮ್ಮ ಕಡೆ ಬಂದವರು. ಅದೇ ಬಾಸೆಲ್‌ನಲ್ಲಿ ಅವರಿಗಿಂತ ಮೊದಲು ಕಲಿತ ಯೋಹಾನ್ ಲುಡ್ವಿಗ್ ಕ್ರಾಪ್ಫ್ 1844ರಲ್ಲಿ ಇಂದಿನ ಕೆನ್ಯಾದ ಮೊಂಬಾಸಾ ಸೇರಿದ್ದರು. ಕ್ರಾಪ್ಫ್ ಅವರ ಸ್ವಾಹಿಲಿ ನಿಘಂಟು 1882ರಲ್ಲಿ ಬಂತು, ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ. ಇದನ್ನು ಕೇಳಿದ ಮೇಲೆ ಕಿಟೆಲ್ ಕಾಲೇಜಿನಲ್ಲಿ ಓದಿದ ನಮ್ಮ ಯಜಮಾನರ ದನಿ ಸ್ವಲ್ಪ ಇಳಿಯಿತು. ಜರ್ಮನ್ನರ ಸ್ವಾಹಿಲಿ ನಂಟೆಲ್ಲ ನಿಘಂಟಿನಷ್ಟು ಸಾಧುವಾದದ್ದಲ್ಲ ಬಿಡಿ. ಪೂರ್ವ ಆಫ್ರಿಕಾದಲ್ಲಿ ವಸಾಹತು ಮಾಡಿಕೊಂಡ ಎರಡೇ ವರ್ಷಕ್ಕೆ, 1887ರಲ್ಲಿ, ಬರ್ಲಿನ್‌ನಲ್ಲಿ ಈ ಭಾಷೆ ಕಲಿಸಲು ಕೂತದ್ದು ಅಧಿಕಾರಿಗಳನ್ನು ತಯಾರು ಮಾಡಲು.

ಈಗ ಕೆಲಸದ ಮಾತು. ಮೂರನೇ ಅವಕಾಶಕ್ಕೆ ಕಾಯದೆ ಎಕನಾಮಿಕ್ಸ್ ಬಿಡಿಸಿದೆವು. ಅವಳು ಭೂಗೋಳ ತಗೊಂಡಳು. ಒಂದು ವರ್ಷ ಹೋಯಿತು, ಮೂರರ ಬದಲು ನಾಲ್ಕಾಯಿತು. ಆದರೆ ಭೂಗೋಳ ಮತ್ತು ಸ್ವಾಹಿಲಿ ಒಂದಕ್ಕೊಂದು ಹೊಂದಿಕೊಂಡವು. ಸ್ವಾಹಿಲಿ ಕರಾವಳಿಯ ಕುಡಿಯುವ ನೀರಿನ ಮೇಲೆ ಬಿಎ ಪ್ರಬಂಧ ಬರೆದಳು. ಅಲ್ಲಿನ ಹೆಂಗಸರನ್ನು ಅವರದೇ ಭಾಷೆಯಲ್ಲಿ ಮಾತಾಡಿಸಿಕೊಂಡು ಬಂದಳು. ಈಗ ಮಾಸ್ಟರ್ಸ್ ಓದುತ್ತಾ ಅನುವಾದದ ಕೆಲಸ ಮಾಡುತ್ತಾಳೆ. ದುಡ್ಡು ಜಾಸ್ತಿ ಇಲ್ಲ, ಸುಳ್ಳು ಯಾಕೆ ಹೇಳಲಿ.

ಅಕ್ಕಾ, ನೀವು ಕೇಳಬೇಕಾದ್ದು ‘ಸ್ವಾಹಿಲಿ ಯಾಕೆ’ ಅಂತ ಅಲ್ಲ, ‘ಸ್ವಾಹಿಲಿ ಜೊತೆ ನೀನು ಏನು ಓದುತ್ತೀ, ಯಾಕೆ’ ಅಂತ. ಉತ್ತರ ಅವಳಿಂದಲೇ ಬರಲಿ. ಬೈರಾಯ್ಟ್, ಲೈಪ್‌ಜಿಗ್, ಹ್ಯಾಂಬುರ್ಗ್ ಮೂರೂ ಕಡೆ ಸ್ವಾಹಿಲಿ ಕಲಿಸುತ್ತಾರೆ, ಹೋಗಿ ನೋಡಿ ಬನ್ನಿ. ಪಾಠ ಬರೀ ಮಾತಾಡುವ ಮಟ್ಟಕ್ಕೆ ನಿಲ್ಲುತ್ತದಾ, ಕೊನೇ ವರ್ಷ ಮೂಲ ಪದ್ಯ, ಕಾದಂಬರಿ ಓದಿಸುತ್ತಾರಾ, ವಿಚಾರಿಸಿ. ಒಂದು ಸೆಮಿಸ್ಟರ್ ಟಾಂಜಾನಿಯಾದ ದಾರ್ ಎಸ್ ಸಲಾಮ್ ಅಥವಾ ಜಾಂಜಿಬಾರ್‌ಗೆ ಹೋಗಲು ದಾರಿ ಇದೆಯಾ ಅಂತಲೂ ಕೇಳಿ. ಸ್ಕಾಲರ್‌ಶಿಪ್ಪಿಗೆ ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಿಎಎಡಿ ನೋಡಿ. ನೈರೋಬಿಯಲ್ಲಿ ಪರಿಚಯದವರಿದ್ದಾರೆ ಅಂತ ಅಲ್ಲಿಗೇ ಕಳಿಸಬೇಡಿ. ಅಲ್ಲಿ ಹುಡುಗರು ಮಾತಾಡುವುದು ಸ್ವಾಹಿಲಿಗೆ ಇಂಗ್ಲಿಷ್ ಬೆರೆಸಿದ ಶೆಂಗ್. ಮಜವಾಗಿದೆ, ಆದರೆ ಪರೀಕ್ಷೆಗೆ ಬರುವುದಿಲ್ಲ.

ನಿಮ್ಮ ಮಗಳು ನನ್ನ ಮಗಳ ಜೊತೆ ಮಾತಾಡಲಿ, ನಂಬರ್ ಬೇರೆಯಾಗಿ ಕಳಿಸುತ್ತೇನೆ. ಒಂದೇ ಎಚ್ಚರಿಕೆ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಹೊತ್ತು ಹುಟ್ಟಿದಾಗಿನಿಂದ, ನಮ್ಮ ಹಳೇ ಪಂಚಾಂಗದ ಗಳಿಗೆಯ ಹಾಗೆ. ಬೆಳಿಗ್ಗೆ ಎಂಟಕ್ಕೆ ಅವರು ‘ಎರಡು ಗಂಟೆ’ ಅನ್ನುತ್ತಾರೆ. ಜಾಂಜಿಬಾರ್‌ನಲ್ಲಿ ಮೊದಲ ದಿನದ ಕ್ಲಾಸು ಎರಡಕ್ಕೆ ಅಂದದ್ದಕ್ಕೆ ಇವಳು ಮಧ್ಯಾಹ್ನ ಊಟ ಮಾಡಿಕೊಂಡು ಹೋಗಿದ್ದಳು. ಈಗ ಅದೇ ಅಭ್ಯಾಸ ಮನೆಗೂ ತಂದಿದ್ದಾಳೆ. ಫೋನ್ ಮಾಡು ಅಂತ ಅವಳು ಗಂಟೆ ಹೇಳಿದರೆ, ಯಾವ ಲೆಕ್ಕದ್ದು ಅಂತ ಮೊದಲೇ ಕೇಳಿಕೊಳ್ಳಲಿ.