ಪಿಡುಗಿನ ಕಾಲದ ಸಂಶೋಧನಾ ಲೇಖನಗಳನ್ನು ಎಷ್ಟು ನಂಬಬೇಕು?

ಪ್ರಶ್ನೆ (ಮಾಟುಂಗಾ, ಮುಂಬಯಿ)

ನಮ್ಮ ಕನ್ನಡ ಸಂಘದ ಮಾಸಿಕದ ಆರೋಗ್ಯ ಪುಟವನ್ನು ಹಲವು ವರ್ಷಗಳಿಂದ ನಾನೇ ಬರೆಯುತ್ತಿದ್ದೇನೆ. 2020ರ ಮಾರ್ಚಿನಲ್ಲಿ ಮಲೇರಿಯಾಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಕೊರೋನಾಕ್ಕೂ ಉಪಯುಕ್ತವೆಂದು ಫ್ರಾನ್ಸಿನ ವೈದ್ಯರು ಪ್ರಕಟಿಸಿದ ಲೇಖನವನ್ನು ನಂಬಿ ಅರ್ಧ ಪುಟ ಬರೆದಿದ್ದೆ. ಅದನ್ನು ಓದಿದ ಕೆಲವು ಸದಸ್ಯರು ಔಷಧದಂಗಡಿಗಳನ್ನು ಸುತ್ತಿ ಮಾತ್ರೆಗಳನ್ನು ತಂದು ಮನೆಯಲ್ಲಿಟ್ಟುಕೊಂಡಿದ್ದರೆಂದು ಆಮೇಲೆ ತಿಳಿಯಿತು. 36 ರೋಗಿಗಳನ್ನಷ್ಟೇ ಆಧರಿಸಿದ ಆ ಲೇಖನವು ಸಲ್ಲಿಕೆಯಾದ ಮರುದಿನವೇ ಸ್ವೀಕೃತವಾಗಿತ್ತು. ಪತ್ರಿಕೆ ಅದನ್ನು ಹಿಂತೆಗೆದುಕೊಂಡದ್ದು 2024ರ ಡಿಸೆಂಬರಿನಲ್ಲಿ. ಬರಲು ಒಂದು ದಿನ, ಹೋಗಲು ನಾಲ್ಕೂಮುಕ್ಕಾಲು ವರ್ಷ! ತಜ್ಞರ ಪರಿಶೀಲನೆ ಮುಗಿಯದ ಯಾವುದನ್ನೂ ಮುಂದೆ ಬರೆಯುವುದಿಲ್ಲವೆಂದು ನಿಯಮ ಮಾಡಿಕೊಂಡರೆ ಸಾಕಾಗುತ್ತದೆಯೇ?

ಉತ್ತರ (ಔಂಧ್, ಪುಣೆ)

ಸಾಕಾಗುವುದಿಲ್ಲ, ಏಕೆಂದರೆ ನೀವು ಹೇಳಿದ ಲೇಖನವೂ ಲೆಕ್ಕಕ್ಕೆ ಪರಿಶೀಲನೆ ದಾಟಿಯೇ ಬಂದದ್ದು. ಅದೇ ಮಾತ್ರೆಯ ಇನ್ನೊಂದು ಕಥೆ ಇದಕ್ಕಿಂತ ದೊಡ್ಡದು. 671 ಆಸ್ಪತ್ರೆಗಳ 96,032 ರೋಗಿಗಳ ದಾಖಲೆ ತಮ್ಮಲ್ಲಿದೆಯೆಂದು ಹೇಳಿಕೊಂಡ ಲೇಖನವೊಂದು 2020ರ ಮೇ 22ರಂದು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿತು, ಮಾತ್ರೆಯಿಂದ ಸಾವು ಹೆಚ್ಚುತ್ತದೆಂಬ ಅದರ ಮಾತನ್ನು ಕೇಳಿ ವಿಶ್ವ ಆರೋಗ್ಯ ಸಂಸ್ಥೆಯು ಮೂರೇ ದಿನಗಳಲ್ಲಿ ತಾನು ನಡೆಸುತ್ತಿದ್ದ ಔಷಧ ಪ್ರಯೋಗದಲ್ಲಿ ಆ ಮಾತ್ರೆಯ ಭಾಗವನ್ನು ತಡೆಹಿಡಿಯಿತು. ಮೂಲ ದಾಖಲೆಗಳನ್ನು ತೋರಿಸಿರೆಂದು ಕೇಳಿದಾಗ ಅವನ್ನಿಟ್ಟುಕೊಂಡಿದ್ದ ಕಂಪನಿ ಒಪ್ಪಲಿಲ್ಲ, ಆದ್ದರಿಂದ ಜೂನ್ 4ರಂದು ಲೇಖನವನ್ನು ಹಿಂತೆಗೆದುಕೊಳ್ಳಬೇಕಾಯಿತು. ಇದಕ್ಕೆ ವಿರುದ್ಧವಾಗಿ, ಕೊರೋನಾ ವೈರಸ್ಸಿಗೂ ಎಚ್‌ಐವಿಗೂ ವಿಚಿತ್ರ ಹೋಲಿಕೆಯಿದೆಯೆಂದ ದೆಹಲಿಯ ತಂಡದ ಪ್ರಿಪ್ರಿಂಟನ್ನು (ಪರಿಶೀಲನೆಗೆ ಮುನ್ನವೇ ಜಾಲದಲ್ಲಿ ಹಾಕುವ ಲೇಖನ) ಯಾವ ತಜ್ಞರೂ ಮೊದಲೇ ಪರಿಶೀಲಿಸಿರಲಿಲ್ಲ. ಅದೇ ವರ್ಷದ ಜನವರಿ 31ರಂದು ಬಂದ ಅದನ್ನು ಫೆಬ್ರವರಿ 2ರಂದೇ ಬರೆದವರು ವಾಪಸು ಪಡೆದರು. ಹೋಲಿಕೆಯೆಂದು ಅವರು ತೋರಿಸಿದಂಥ ಸಣ್ಣ ತುಣುಕುಗಳು ಬೇರೆ ಎಷ್ಟೋ ಜೀವಿಗಳಲ್ಲಿಯೂ ಸಿಗುತ್ತವೆಂದು ತೋರಿಸಲು ಬೇಕಾದ ಜೀವಿಗಳ ಅನುಕ್ರಮಗಳೆಲ್ಲ (ಆನುವಂಶಿಕ ಮಾಹಿತಿಯ ಪಟ್ಟಿಗಳು) ಎಲ್ಲರ ಕೈಗೂ ಎಟಕುವಂತಿದ್ದವು. ಆದ್ದರಿಂದ ಪರಿಶೀಲನೆಯ ಮುದ್ರೆ ಇದೆಯೇ ಎಂದು ಕೇಳುವುದಕ್ಕಿಂತ ದತ್ತಾಂಶವನ್ನು ಬೇರೆಯವರು ನೋಡಬಹುದೇ ಎಂದು ಕೇಳಿ.

ಉತ್ತರ (ಡೊಂಬಿವಲಿ)

ನಾನು ವೈದ್ಯ, ಔಂಧ್‌ನವರ ಮಾತನ್ನು ಪೂರ್ತಿ ಒಪ್ಪಲಾರೆ. ನಮ್ಮ ಕೈಹಿಡಿದ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಔಷಧದ ಸುದ್ದಿ ಮೊದಲು ಬಂದದ್ದು 2020ರ ಜೂನ್ 16ರ ಬರಿಯ ಪತ್ರಿಕಾ ಹೇಳಿಕೆಯಾಗಿ, ಆಗ ಯಾರೂ ಯಾವ ದತ್ತಾಂಶವನ್ನೂ ನೋಡಿರಲಿಲ್ಲ. ಪ್ರಿಪ್ರಿಂಟ್ ಬಂದದ್ದು 22ರಂದು, ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದದ್ದು ಜುಲೈ 17ರಂದು. ನಡುವೆಯೇ, ಜೂನ್ 27ರಂದು, ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ ಅದನ್ನು ಚಿಕಿತ್ಸಾಕ್ರಮಕ್ಕೆ ಸೇರಿಸಿತು. ಮುಂಬಯಿಯಲ್ಲಿ ಹಾಸಿಗೆಗಾಗಿ ಜನ ಪರದಾಡುತ್ತಿದ್ದ ಆ ವಾರಗಳಲ್ಲಿ, ಮೂಲೆಮೂಲೆಯ ಅಂಗಡಿಯಲ್ಲಿ ಸಿಗುವ ಅಗ್ಗದ ಔಷಧವನ್ನು ಜುಲೈವರೆಗೆ ಬಚ್ಚಿಟ್ಟಿದ್ದರೆ ಅದು ಎಚ್ಚರಿಕೆ ಎನಿಸುತ್ತಿರಲಿಲ್ಲ. ಅದನ್ನು ನಂಬಲು ನಮಗಿದ್ದ ಕಾರಣ ಪ್ರಯೋಗದ ಕಟ್ಟುಪಾಡು: 2,104 ಮಂದಿಗೆ ಔಷಧ, 4,321 ಮಂದಿಗೆ ಎಂದಿನ ಆರೈಕೆ, ಯಾರಿಗೆ ಯಾವುದೆಂಬುದು ಚೀಟಿಯೆತ್ತಿದಂತೆ ನಿರ್ಧಾರ. ವೆಂಟಿಲೇಟರಿನಲ್ಲಿದ್ದವರಲ್ಲಿ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗಿತ್ತು. ಆಮ್ಲಜನಕ ಬೇಕಿಲ್ಲದವರಿಗೆ ಇದರಿಂದ ಪ್ರಯೋಜನ ಕಾಣಲಿಲ್ಲವೆಂದೂ ಅದೇ ವರದಿಯಲ್ಲಿತ್ತು. ಆ ಸಾಲನ್ನು ಬಿಟ್ಟು ಓದಿದವರೇ ಜ್ವರ ಬಂದ ದಿನವೇ ಮನೆಯಲ್ಲಿ ಸ್ಟೆರಾಯ್ಡ್ ನುಂಗತೊಡಗಿದ್ದರು. ಬರೆಯುವುದಾದರೆ ಯಾರಿಗೆ ಬೇಡ ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ.

ಉತ್ತರ (ಮಡಗಾಂವ್, ಗೋವಾ)

ಒಂದು ಸಣ್ಣ ಪ್ರಶ್ನೆ: ಫ್ರಾನ್ಸಿನ ಲೇಖನವನ್ನು ಹಿಂತೆಗೆದುಕೊಂಡ ಸುದ್ದಿ ನಿಮ್ಮ ಮಾಸಿಕದಲ್ಲಿ ಬಂದಿತೇ?

ಪ್ರಶ್ನೆ ಕೇಳಿದವರಿಂದ

ಬರಲಿಲ್ಲ. ತಮ್ಮ ಮಾತು ಚುಚ್ಚಿತು, ಚುಚ್ಚಬೇಕಾದದ್ದೇ. ಆ ಸಂಚಿಕೆಯನ್ನು ಇಂದು ಹುಡುಕಿ ತೆಗೆದಿದ್ದೇನೆ. ಬರುವ ತಿಂಗಳು ಅದೇ ಪುಟದಲ್ಲಿ, ಅದೇ ಅರ್ಧ ಪುಟದ ಅಳತೆಯಲ್ಲಿ, ತಿದ್ದುಪಡಿ ಹಾಕುತ್ತೇನೆ. ಬರೆದ ಮೇಲೆ ಡೊಂಬಿವಲಿಯ ಡಾಕ್ಟರು ಒಮ್ಮೆ ಕಣ್ಣಾಡಿಸಿಕೊಟ್ಟರೆ ಉಪಕಾರವಾಗುತ್ತದೆ.