ಪದ ಬೇಕಿತ್ತು: ಫೋಟೋ ನೋಡಿ ಸ್ಟೇಷನ್ ಹೇಳುವ ಆಟಕ್ಕೆ (ನಾಳೆಯೊಳಗೆ)

ಇಂದ್ರಾಳಿಯಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ಅರ್ಜೆಂಟಾಗಿ ಬೇಕು.

ಭಾನುವಾರ ನಮ್ಮ ರೈಲು ಹುಚ್ಚಿನವರೆಲ್ಲ ಇಲ್ಲೇ ಉಡುಪಿಯ ಒಂದು ಶಾಲೆಯ ಹಾಲ್‌ನಲ್ಲಿ ಸೇರುತ್ತೇವೆ. ಗೋಡೆ ತುಂಬ ಸ್ಟೇಷನ್ ಫೋಟೋ ಅಂಟಿಸುವುದು, ಹೆಸರಿನ ಬೋರ್ಡು ಮಾತ್ರ ಕತ್ತರಿಸಿ ತೆಗೆದಿರುತ್ತೇವೆ. ಬಂದವರು ಯಾವ ಸ್ಟೇಷನ್ ಅಂತ ಹೇಳಬೇಕು. ಈ ಆಟಕ್ಕೆ ಬ್ಯಾನರಿನಲ್ಲಿ ಎಂತ ಹೆಸರು ಹಾಕುವುದು? ನಾಳೆ 11 ಗಂಟೆಯೊಳಗೆ ಮ್ಯಾಟರ್ ಕೊಡಿ ಅಂದಿದ್ದಾರೆ ಪ್ರೆಸ್ಸಿನವರು. ‘ನಿಲ್ದಾಣ ಊಹೆ’ ಅಂತ ಬರೆದಿಟ್ಟಿದ್ದೆ. ಮಗಳು ಓದಿ, ಅಮ್ಮ ಇದು ಹವಾಮಾನ ವರದಿ ಇದ್ದ ಹಾಗೆ ಉಂಟು ಅಂದಳು.

ನನಗೂ ‘ಊಹೆ’ ಸರಿ ಕಾಣುವುದಿಲ್ಲ. ಬಾಯಿಗೆ ಬಂದ ಹೆಸರು ಸುಮ್ನೆ ಹೇಳಿದರೆ ನಮ್ಮಲ್ಲಿ ಮಾರ್ಕಿಲ್ಲ, ಯಾಕೆ ಅಂತಲೂ ಹೇಳಬೇಕು. ಹೋದ ವಾರದ ಫೋಟೋ ಕೇಳಿ. ಹಳಿಯ ಪಕ್ಕ ಮುರಕಲ್ಲಿನ ಬರೆ, ಅಂದರೆ ಕಡಿದ ಗುಡ್ಡದ ಗೋಡೆ. ನಿಂತ ಗೂಡ್ಸ್ ಗಾಡಿಯ ಮೇಲೆ ಸಾಲಾಗಿ ಲಾರಿಗಳು. ಮೇಲೆ ಕರೆಂಟಿನ ತಂತಿ ಇಲ್ಲ. ತಂತಿ ಇಲ್ಲ ಅಂದರೆ ಹಳೇ ಫೋಟೋ, ಯಾಕೆಂದರೆ ಕೊಂಕಣ ರೈಲ್ವೆ ಪೂರ್ತಿ ವಿದ್ಯುತ್ತಿಗೆ ಬಂದದ್ದು 2022ರಲ್ಲಿ. ಲಾರಿ ಹೊತ್ತ ಗಾಡಿ ಅಂದರೆ ರೋ-ರೋ. ಅದು 1999ರಿಂದ ಓಡುತ್ತಿದೆ. ಲಾರಿ ಹತ್ತಿಸಿ ಇಳಿಸುವುದು ಸುರತ್ಕಲ್, ಗೋವಾದ ವೆರ್ಣ, ಆಚೆ ಕೋಲಾಡ್‌ನಲ್ಲಿ. ಒಬ್ಬರು ಸುರತ್ಕಲ್ ಅಂದರು, ಇನ್ನೊಬ್ಬರು ವೆರ್ಣ. ಮುರಕಲ್ಲು ಎರಡೂ ಕಡೆ ಉಂಟಲ್ಲ, ಅದನ್ನು ನೋಡಿ ಹೇಳಲಿಕ್ಕೆ ಆಗುವುದಿಲ್ಲ. ಕೊನೆಗೆ ಪಿಯುಸಿ ಓದುವ ಹುಡುಗನೊಬ್ಬ ಫೋಟೋದ ಮೂಲೆ ದೊಡ್ಡದು ಮಾಡಿ ತೋರಿಸಿದ. ಕತ್ತರಿಸುವಾಗ ಬೋರ್ಡಿನ ಮೇಲಂಚು ಒಂದು ಉಗುರಿನಷ್ಟು ಉಳಿದುಹೋಗಿತ್ತು. ಹಳದಿ ಮೇಲೆ ಎರಡು ಕಪ್ಪು ಕೊಕ್ಕೆ, ಬಿಡಿಬಿಡಿಯಾಗಿ. ಊರಿನ ಭಾಷೆ ಬೋರ್ಡಿನಲ್ಲಿ ಮೇಲೆ ಇರುತ್ತದಲ್ವಾ? ಗೋವಾದ ನಾಗರಿ ಆಗಿದ್ದರೆ ಒಂದೇ ಉದ್ದ ಗೆರೆ ಕಾಣಬೇಕಿತ್ತು. ಇದು ನಮ್ಮ ತಲೆಕಟ್ಟು. ಸುರತ್ಕಲ್!

ಇದನ್ನು ಊಹೆ ಅಂತ ಹೇಗೆ ಕರೆಯುವುದು ಹೇಳಿ.

ಬಲ್ಮಠದಿಂದ:

‘ನಿಲ್ದಾಣ ಊಹೆ’ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಕಟ್ಟಿದ್ದು. ಅದನ್ನು ಬಿಡಿ.

ನಿಲ್ + ತಾಣ, ನಿಲ್ದಾಣ. ತಾಣ ತದ್ಭವ, ಅಲ್ಲಿಯವರೆಗೆ ತಕರಾರಿಲ್ಲ. ಊಹೆ ಸಂಸ್ಕೃತ. ಎರಡನ್ನೂ ಕಟ್ಟಬಾರದು. ಬೇಕಾದರೆ ‘ಕುರುಹಾಟ’ ಅನ್ನಿ. ಕುರುಹು ನೋಡಿ ಆಡುವ ಆಟ. ಅಚ್ಚ ಕನ್ನಡ. ಬ್ಯಾನರಿಗೆ ಚಿಕ್ಕದಾಗಿಯೂ ಆಯಿತು.

ಮೂಲ್ಕಿಯಿಂದ:

ಮಾಷ್ಟ್ರೇ, ‘ಕುರುಹಾಟ’ ಓದಿದವರಿಗೆ ‘ಕುರುಡಾಟ’ ಅಂತ ಕಾಣುತ್ತದೆ. ಫೋಟೋ ನೋಡುವ ಆಟಕ್ಕೆ ಆ ಹೆಸರು ಬೇಡ ಮಾರಾಯ್ರೇ.

ಮತ್ತೆ ಊಹಾ ಹೋಗಿ ಊಹೆ ಆದ ಮೇಲೂ ಅದು ಸಂಸ್ಕೃತವೇ ಅಂದರೆ ಹೇಗೆ? ಬಾಲೆ, ಮಾಲೆ, ಭಾಷೆ ಎಲ್ಲ ವಾಪಸ್ ಕೊಡಬೇಕಾಗುತ್ತದೆ. ನನ್ನ ಪ್ರಕಾರ ‘ಠಾಣೆ ಪತ್ತೆ’ ಒಳ್ಳೆಯದಿದೆ. ಠಾಣೆಗೂ ತಾಣಕ್ಕೂ ಮೂಲ ಒಂದೇ, ಸ್ಥಾನ. ಅದು ಉತ್ತರದಿಂದ ಸುತ್ತಿ ಬಂತು, ಇದು ನೇರ ಬಂತು, ಅಷ್ಟೇ ವ್ಯತ್ಯಾಸ.

ಇಂದ್ರಾಳಿಯಿಂದ:

‘ಠಾಣೆ ಪತ್ತೆ’ ಅಂತ ಬ್ಯಾನರ್ ಹಾಕಿದರೆ ಪೊಲೀಸರು ಬಂದು ಎಂತ ವಿಷಯ ಅಂತ ಕೇಳಿಯಾರು. ಬೇರೆ ಯಾರಾದರೂ?

ಕೊಡಿಯಾಲ್‌ಬೈಲಿನಿಂದ:

‘ಎದುರುಕತೆ’ ಯಾಕಾಗಬಾರದು ಅಕ್ಕ? ತುಳುವಿನಲ್ಲಿ ಒಗಟಿಗೆ ಅದೇ ಹೆಸರು. ಒಬ್ಬರು ಕೇಳುವುದು, ಎದುರಿಗೆ ಕೂತವರು ಬಿಡಿಸುವುದು. ನಿಮ್ಮ ಆಟವೂ ಅದೇ ಅಲ್ವಾ. ‘ಸ್ಟೇಷನ್ ಎದುರುಕತೆ’. ಸ್ಟೇಷನ್ ಹಾಗೆಯೇ ಇರಲಿ, ಪ್ಲಾಟ್‌ಫಾರ್ಮಿನಲ್ಲಿ ನಿಂತು ಯಾರೂ ನಿಲ್ದಾಣ ಅನ್ನುವುದಿಲ್ಲ. ನಿಲ್ದಾಣ ಏನಿದ್ದರೂ ಮೈಕಿನಲ್ಲಿ.

ಬಲ್ಮಠದಿಂದ:

ಇಂಗ್ಲಿಷ್ + ತುಳು. ಭೇಷ್. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದ ಮಂಗಳೂರಿನಲ್ಲಿ ಕೂತು ಸ್ಟೇಷನ್ನಿಗೆ ಕನ್ನಡ ಪದ ಬೇಡ ಅನ್ನುತ್ತಿದ್ದೀರಿ. ಒಗಟು ಅಂದರೆ ಮಾತಿನದ್ದು, ಚಿತ್ರದ್ದಲ್ಲ. ಎದುರುಕತೆಯೂ ಹಾಗೆಯೇ. ಆಗುವುದಿಲ್ಲ.

ಕೊಡಿಯಾಲ್‌ಬೈಲಿನಿಂದ:

ಅದೇ ಊರಿನಲ್ಲಿ ಕೂತು ಚಾವಿ ಹುಡುಕುತ್ತೇವೆ, ಬಟಾಟೆ ಬೇಯಿಸುತ್ತೇವೆ, ತಿಂಗಳ ಕೊನೆಗೆ ಪಗಾರ ಎಣಿಸುತ್ತೇವೆ. ಮೂರೂ ಪೋರ್ಚುಗೀಸರದ್ದು. ಮಾಷ್ಟ್ರು ಪಗಾರ ತೆಗೆದುಕೊಳ್ಳುವಾಗ ಸಮಾಸ ಬಿಡಿಸಿ ನೋಡಿದ್ದರಾ ಗೊತ್ತಿಲ್ಲ. ‘ರೈಲು ನಿಲ್ದಾಣ’ ಅನ್ನುವಾಗಲೇ ಇಂಗ್ಲಿಷ್, ಕನ್ನಡ, ಸಂಸ್ಕೃತ ಮೂರೂ ಒಂದೇ ಬೋಗಿ ಹತ್ತಿದವು. ಬೋಗಿಯೂ ನಮ್ಮದಲ್ಲ, ಹೇಳಿಬಿಡುತ್ತೇನೆ.

ಬಲ್ಮಠದಿಂದ:

ನಾನು ತೆಗೆದುಕೊಂಡದ್ದು ಸಂಬಳ.

ಬಾರ್ಕೂರಿನಿಂದ:

ಇಲ್ಲಿಯವರೆಗೆ ಓದಿದೆ. ಹಿಂದೆ ‘ಉಗಿಬಂಡಿ’ ಅಂತ ಮಾಡಿದರು, ಈಗ ಉಗಿಯೂ ಇಲ್ಲ, ಹೊಗೆಯೂ ಇಲ್ಲ, ಹೆಸರು ಪುಸ್ತಕದಲ್ಲಿ ಕೂತಿದೆ. ‘ರೈಲು’ ಮಾತ್ರ ಒಂದು ಉಕಾರ ಹಾಕಿಕೊಂಡು ರೈಲಿಗೆ, ರೈಲಲ್ಲಿ, ರೈಲಿನವರು ಅಂತ ಎಲ್ಲ ವಿಭಕ್ತಿಯಲ್ಲೂ ಓಡಾಡುತ್ತಿದೆ. ಎರವಲು ಪದ ಬಂದದ್ದು ಎಲ್ಲಿಂದ ಅನ್ನುವುದಕ್ಕಿಂತ ಅದಕ್ಕೆ ಪ್ರತ್ಯಯ ಹತ್ತುತ್ತದಾ ಇಲ್ವಾ ನೋಡಬೇಕು. ಸ್ಟೇಷನ್ನಿಗೂ ಹತ್ತುತ್ತದೆ. ಮುಗಿಯಿತು.

ಅರಿಸಮಾಸದ ವಿಷಯ: ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನೇ ಬಿರುದುಗಳಿಗೂ ಹಿಂದಿನ ಕವಿಗಳು ಬಳಸಿದ್ದಕ್ಕೂ ರಿಯಾಯಿತಿ ಕೊಟ್ಟಿದ್ದಾನೆ. 13ನೇ ಶತಮಾನದವನಿಗಿಂತ ನಾವು ಜಾಸ್ತಿ ಬಿಗಿ ಆಗುವುದು ಯಾಕೆ? ಮಂಗಳಾರತಿಯೂ ಅರಿಸಮಾಸವೇ, ಎತ್ತುವಾಗ ಯಾರೂ ತಡೆಯುವುದಿಲ್ಲ.

ಅಕ್ಕನ ಪ್ರಶ್ನೆಗೆ: ತರ್ಕದವರು ಇದಕ್ಕೆ ‘ಅನುಮಾನ’ ಅನ್ನುತ್ತಾರೆ. ಹೊಗೆ ಕಂಡರೆ ಬೆಂಕಿ ಅಂತ ತಿಳಿಯುವುದು. ತಲೆಕಟ್ಟು ಕಂಡರೆ ಸುರತ್ಕಲ್ ಅಂತ ತಿಳಿಯುವುದೂ ಅದೇ. ‘ನಿಲ್ದಾಣಾನುಮಾನ’ ಶಾಸ್ತ್ರಕ್ಕೆ ಸರಿ. ಆದರೆ ನಮ್ಮಲ್ಲಿ ಅನುಮಾನ ಅಂದರೆ ಸಂಶಯ ಆಗಿದೆ, ಸ್ಟೇಷನ್ ಮಾಸ್ತರರ ಮೇಲೆ ಏನೋ ತನಿಖೆ ನಡೆದ ಹಾಗೆ ಕೇಳುತ್ತದೆ. ಹಾಗಾಗಿ ಬೇಡ.

ಮೂಲ್ಕಿಯಿಂದ:

ಬೇಡದ್ದನ್ನು ಇಷ್ಟು ಉದ್ದ ಹೇಳಿದಿರಿ. ಬೇಕಾದದ್ದು ಯಾವುದು?

ಇಂದ್ರಾಳಿಯಿಂದ (ಮರುದಿನ):

ಎಲ್ಲರಿಗೂ ಥ್ಯಾಂಕ್ಸ್. ಬ್ಯಾನರ್ ಪ್ರಿಂಟಿಗೆ ಹೋಯಿತು. ಹೇಗೆ ಅಂತ ಹೇಳುತ್ತೇನೆ.

ಬೆಳಗ್ಗೆ ಹತ್ತೂವರೆಗೆ ಪ್ರೆಸ್ಸಿಗೆ ಹೋದಾಗ ಕೈಯಲ್ಲಿ ನಿಮ್ಮ ಪದಗಳ ಪಟ್ಟಿ ಇತ್ತು, ತೀರ್ಮಾನ ಇರಲಿಲ್ಲ. ಬ್ಯಾನರಿನ ಮೂಲೆಗೆ ಹಾಕಲಿಕ್ಕೆ ಒಂದು ಫೋಟೋ ಕೊಟ್ಟೆ. ಪ್ಲಾಟ್‌ಫಾರ್ಮು, ಮಳೆ, ಒಂದು ಸಿಮೆಂಟು ಬೆಂಚು, ಅದರ ಮೇಲೆ ಬಿಚ್ಚಿಟ್ಟ ಕೊಡೆ. ಅಲ್ಲಿ ಕಟ್ಟಿಂಗ್ ಮಾಡುವ ಹಿರಿಯರೊಬ್ಬರು ಕನ್ನಡಕ ಹಣೆಗೆ ಏರಿಸಿ ಅದನ್ನು ಸ್ವಲ್ಪ ಹೊತ್ತು ನೋಡಿದರು. ನೋಡಿ, ‘ಗುರ್ತ ಸಿಕ್ಕಿತು, ಸಿಕ್ಕಿತು’ ಅಂದರು.

ನಾನು ಅಲ್ಲೇ ನಿಂತೆ. ಮದುವೆಮನೆಯಲ್ಲಿ ಎದುರು ಬಂದವರೆಲ್ಲ ನಮ್ಮನ್ನು ಕೇಳುವುದು ಅದನ್ನೇ ಅಲ್ವಾ, ‘ಗುರ್ತ ಸಿಕ್ಕಿತಾ?’ ಅಂತ. ಕೇಳಿದ ಕೂಡಲೇ ನಾವು ಅವರ ಮೂಗು ನೋಡುತ್ತೇವೆ, ನಗು ನೋಡುತ್ತೇವೆ, ಯಾವ ಮನೆಯವರು ಅಂತ ಲೆಕ್ಕ ಹಾಕುತ್ತೇವೆ. ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಹೇಳದಿದ್ದರೆ ಮರ್ಯಾದೆ ಪ್ರಶ್ನೆ. ಆಟಕ್ಕೆ ಇದಕ್ಕಿಂತ ಒಳ್ಳೆ ಹೆಸರು ಎಲ್ಲಿ ಹುಡುಕುವುದು. ಬ್ಯಾನರಿನಲ್ಲಿ ದೊಡ್ಡದಾಗಿ ‘ಗುರ್ತ ಸಿಕ್ಕಿತಾ?’, ಕೆಳಗೆ ಸಣ್ಣಕ್ಕೆ ‘ಫೋಟೋ ನೋಡಿ, ಸ್ಟೇಷನ್ ಹೇಳಿ’. ಹಳದಿ ಮೇಲೆ ಕಪ್ಪು ಅಕ್ಷರ, ಸ್ಟೇಷನ್ ಬೋರ್ಡಿನ ಹಾಗೆಯೇ.

ಮಾಷ್ಟ್ರೇ, ಕುರುಹು, ಗುರಿ, ಗುರುತು ಮೂರೂ ಒಂದೇ ಬಳ್ಳಿಯವು ಅಂತ ನೀವೇ ಒಮ್ಮೆ ಬರೆದಿದ್ದಿರಿ. ಹಾಗಾಗಿ ನಿಮ್ಮ ಪದವೇ ಗೆದ್ದದ್ದು ಅಂತ ಇಟ್ಟುಕೊಳ್ಳಿ.

ಬಲ್ಮಠದಿಂದ:

ಗುರ್ತ ಅಲ್ಲ. ಗುರುತು. ಉಕಾರಾಂತ.

ಬ್ಯಾನರ್ ಆಗಿದ್ದರೆ ಇರಲಿ. ಭಾನುವಾರ ಎಷ್ಟು ಗಂಟೆಗೆ?

ಕೊಡಿಯಾಲ್‌ಬೈಲಿನಿಂದ:

ಅಕ್ಕ, ಪ್ರೆಸ್ಸಿನವರು ಯಾವ ಸ್ಟೇಷನ್ ಅಂದರು ಅಂತ ನೀವು ಹೇಳಲೇ ಇಲ್ಲ.

ಇಂದ್ರಾಳಿಯಿಂದ:

ಬೆಳಗ್ಗೆ ಹತ್ತಕ್ಕೆ, ಮಾಷ್ಟ್ರೇ. ಚಹಾ ಉಂಟು.

ಅವರು ಬಾರ್ಕೂರು ಅಂದರು. ಅದು ಸೇನಾಪುರ.